ಬಿಟ್ಟುಹೋದ ನಾಲ್ಕು ಸೆಕೆಂಡು

ಮನೆಯಿಂದ,
ಸೋಮವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಪ್ರೀತಿಯ ನಿಮಗೆ,

ಸೊಂಟ ಹೇಗಿದೆ? ಬಿ.ಪಿ. ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲ ಅದನ್ನೂ ಬಿಟ್ಟಿದ್ದೀರಾ? ಹೊರಡುವ ಆತುರದಲ್ಲಿ ಒಂದೇ ಪಟ್ಟಿ ಒಯ್ದಿದ್ದೀರಿ, ಅದು ಹತ್ತು ದಿನಕ್ಕೆ ಮುಗಿದಿರಬೇಕು. ಇನ್ನೆರಡು ಪಟ್ಟಿ ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ನಿಮ್ಮ ಅಕ್ಕನ ಮಂಡಿನೋವು ಹೇಗಿದೆ ಎಂದು ಕೇಳಿದೆನೆಂದು ಹೇಳಿ. ಅವರಿಗೆ ನಾನು ಐದು ಸಲ ಫೋನು ಮಾಡಿದ್ದೆ. ಐದು ಸಲವೂ "ಮಲ್ಕೊಂಡಿದಾನೆ ಕಣಮ್ಮ, ಎಬ್ಬಿಸೋದು ಬೇಡ" ಎಂದರು. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀರಿ, ಸಂಜೆ ಐದಕ್ಕೂ ಮಲಗಿರುತ್ತೀರಿ. ಇಪ್ಪತ್ತಾರು ವರ್ಷ ಐದೂವರೆಗೆ ಎದ್ದು ಕೆಲಸಕ್ಕೆ ಹೋದವರು ಈಗ ಅಷ್ಟನ್ನೂ ಸೇರಿಸಿ ನಿದ್ದೆ ಮಾಡುತ್ತಿದ್ದೀರಿ ಎಂದು ನಂಬುವುದಕ್ಕೆ ನಾನೇನು ಮೊನ್ನೆ ಹುಟ್ಟಿದವಳಲ್ಲ. ನಿಮ್ಮ ಫೋನು ಅಲಮಾರಿಯಲ್ಲಿ ಬನಿಯನ್ನುಗಳ ಕೆಳಗೆ ಸಿಕ್ಕಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲಿ ಸರಿಯಾಗಿ ಕೂತು ಓದಿ. ಅರ್ಧಕ್ಕೆ ಮಡಚಿ ದಿಂಬಿನ ಕೆಳಗೆ ಇಟ್ಟರೆ ನಾನೇ ಬಸ್ಸು ಹತ್ತಿ ಬರುತ್ತೇನೆ.

ಮೊದಲು ಆವತ್ತಿನ ವಿಷಯವನ್ನೇ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ ಎನ್ನಬೇಡಿ, ನಿಮಗೆ ಗೊತ್ತಿರುವುದು ತಪ್ಪು. ನೀವು ಕ್ರೇನಿನ ಕ್ಯಾಬಿನ್ನಿನಲ್ಲಿದ್ದಿರಿ. ಪೈಪಿನ ಕಟ್ಟನ್ನು ಲಾರಿಯಿಂದ ಎತ್ತಿ ನೆಲಕ್ಕೆ ಇಳಿಸುತ್ತಿದ್ದಿರಿ. ಕೆಳಗೆ ನಿಂತು ಕೈಸನ್ನೆ ಕೊಡುವ ಕೆಲಸ ಸೀಟಿಯದು. ಅವನ ನಿಜವಾದ ಹೆಸರು ನಿಮ್ಮ ಯಾರ್ಡಿನಲ್ಲಿ ಯಾರಿಗಾದರೂ ಗೊತ್ತಿದೆಯೋ ಇಲ್ಲವೋ, ಕೊರಳಲ್ಲಿ ಸೀಟಿ ಕಟ್ಟಿಕೊಂಡವನು ಅಂತೂ ಸೀಟಿಯೇ ಆಗಿಬಿಟ್ಟಿದ್ದಾನೆ. ಕಟ್ಟಿನ ಅಡಿಗೆ ಮರದ ದಿಮ್ಮಿ ಇಡಲು ಲಾರಿಯ ಹತ್ತಿರ ನಿಂತಿದ್ದವನು, ಉದ್ದಕ್ಕಿದ್ದಾನೆಂದು ನೀವೆಲ್ಲ ಏಣಿ ಎಂದು ಕರೆಯುವ ಹುಡುಗ. ಕಟ್ಟು ಬಿತ್ತು, ಏಣಿಯ ಬಲಗಾಲಿನ ಪಾದ ಜಜ್ಜಿಹೋಯಿತು. ಸೀಟಿ ಹೇಳಿದ್ದು, "ನಾನು ನಿಲ್ಸು ಅಂತ ಕೈ ಎತ್ತಿದ್ದೆ, ಇವರು ನೋಡಲೇ ಇಲ್ಲ, ಧಡ್ ಅಂತ ಇಳಿಸಿಬಿಟ್ರು." ಕಟ್ಟಿಗೆ ಸುತ್ತಿದ್ದ ಉಕ್ಕಿನ ಹಗ್ಗ, ನೀವೆಲ್ಲ ಸ್ಲಿಂಗ್ ಅನ್ನುತ್ತೀರಲ್ಲ, ಅದು ಬಿದ್ದ ರಭಸಕ್ಕೆ ತುಂಡಾಯಿತು ಎಂದು ಬರೆದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ನೀವು ಷರಟು ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನು ನಿಲ್ಲಿಸಿದ್ದೆ ಕಣೇ, ಬೆರಳಿಗೆ ನೆನಪಿದೆ" ಎಂದಿರಿ. ಬಲಗೈಯ ಬೆರಳನ್ನು ಲಿವರ್ ಹಿಡಿದ ಹಾಗೆಯೇ ಮಡಚಿ ತೋರಿಸಿದಿರಿ.

ಆ ಬೆರಳನ್ನು ನೀವು ಎಷ್ಟು ದಿನ ನಂಬಿದಿರಿ? ನಾಲ್ಕು ದಿನ. ಐದನೇ ದಿನ ವಿಚಾರಣೆ. ಯಾರ್ಡಿನ ಕಂಬಕ್ಕೆ ಹೊಸದಾಗಿ ಹಾಕಿದ್ದ ಹೈ ಡೆಫಿನಿಷನ್ ಕ್ಯಾಮೆರಾದ ವಿಡಿಯೋವನ್ನು ಆಫೀಸಿನ ಕಂಪ್ಯೂಟರಿನಲ್ಲಿ ಹಾಕಿದರು. ಕಟ್ಟು ಮೇಲಿತ್ತು, ಸೀಟಿಯ ಕೈ ಇಳಿಸು ಎನ್ನುತ್ತಿತ್ತು. ಚಿತ್ರ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಒಮ್ಮೆಗೇ ಕಟ್ಟು ಕೆಳಗೆ, ಏಣಿ ನೆಲದಲ್ಲಿ, ಸೀಟಿಯ ಕೈ ಮೇಲೆ. ವಿಚಾರಣೆಯ ಸಾಹೇಬರು, "ವಯಸ್ಸಾಯ್ತು, ಕಣ್ಣು ಮೊದಲಿನ ಹಾಗಿರಲ್ಲ, ನಾವೇನೂ ಬೇಕಂತ ಮಾಡಿದ್ರಿ ಅಂತಿಲ್ಲ" ಎಂದು ಕಾಗದ ಮುಂದೆ ತಳ್ಳಿದರು. ನೀವು "ಹಾಗಾದ್ರೆ ನಂದೇ ತಪ್ಪಿರಬೇಕು" ಎಂದು ಸಹಿ ಹಾಕಿ ಬಂದಿರಿ. ಇನ್ನೊಮ್ಮೆ ಹಾಕಿ ತೋರಿಸಿ ಎಂದು ಕೇಳಲಿಲ್ಲ. ಚಿತ್ರ ಯಾಕೆ ನಿಂತಿತು ಎಂದು ಕೇಳಲಿಲ್ಲ. ಮಾರುಕಟ್ಟೆಯಲ್ಲಿ ಒಂದು ಕೊಡೆ ಕೊಳ್ಳುವುದಕ್ಕೆ ಹತ್ತು ಸಲ ಬಿಚ್ಚಿ ಮಡಚಿ ಅಂಗಡಿಯವನ ಪ್ರಾಣ ತಿನ್ನುವ ಮನುಷ್ಯ, ತನ್ನ ಇಪ್ಪತ್ತಾರು ವರ್ಷವನ್ನು ಒಂದೇ ನೋಟಕ್ಕೆ ಕೊಟ್ಟು ಬಂದಿರಿ. ಮಾರನೆಯ ದಿನ ಅಕ್ಕನ ಊರಿನ ಬಸ್ಸು ಹತ್ತಿದಿರಿ.

ನೀವು ಹೋದ ಮೂರನೇ ದಿನ ವಿಚಾರಣೆಯ ಕಾಗದಗಳ ನಕಲು ಬಂತು, ಜೊತೆಗೆ ವಿಡಿಯೋ ಇದ್ದ ಪೆನ್‌ಡ್ರೈವ್. ಕಸೂತಿಯ ನಮೂನೆ ನೋಡಲೆಂದು ನಾವು ತೆಗೆದುಕೊಂಡ ಹಳೇ ಕಂಪ್ಯೂಟರಿಗೆ ಹಾಕಿ ನೋಡಿದೆ. ನೀವು ಕಂಡದ್ದೇ ನನಗೂ ಕಂಡಿತು. ಆ ದಿನದ ಬಗ್ಗೆ ಇಷ್ಟೇ ಸಾಕು.

ಐದನೇ ತಾರೀಖು ಶನಿವಾರ ಹೊಲಿಗೆ ಅಂಗಡಿಗೆ ರಜೆ ಹೇಳಿ ಆಸ್ಪತ್ರೆಗೆ ಹೋದೆ. ಏಣಿಯ ಮಂಚ ಕಿಟಕಿಯ ಪಕ್ಕದಲ್ಲಿದೆ. ಅವನ ಉದ್ದಕ್ಕೆ ಮಂಚ ಸಾಲದೆ, ಕಟ್ಟು ಹಾಕಿದ ಕಾಲನ್ನು ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಎರಡು ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಇನ್ನು ಎರಡು ತಿಂಗಳಿಗೆ ಊರುಗೋಲಿನಲ್ಲಿ ನಡೆಯಬಹುದಂತೆ. ನನ್ನನ್ನು ನೋಡಿ ಎದ್ದು ಕೂರಲು ಹೋದ. ನಾನು ಬಾಯಿ ತೆರೆಯುವ ಮೊದಲೇ, "ಅಕ್ಕಾ, ಅಣ್ಣ ಯಾಕೆ ಬರಲಿಲ್ಲ? ನನ್ನ ಮೇಲೆ ಬೇಜಾರಾ?" ಎಂದ. ನನಗೆ ಅರ್ಥವಾಗಲಿಲ್ಲ. ನಿನಗೆ ಅವರ ಮೇಲೆ ಬೇಜಾರಿಲ್ಲವೇನೋ ಎಂದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಣ್ಣನ ಮೇಲೆ ಯಾಕೆ? ಅಣ್ಣ ನಿಲ್ಸಿದ್ರಲ್ಲ. ಲೋಡು ನನ್ನ ಎದೆಮಟ್ಟಕ್ಕೆ ಬಂದು ನಿಂತ್ಕೊಂಡಿತ್ತು. ನಿಂತಿದೆ ಅಂತಲೇ ನಾನು ದಿಮ್ಮಿ ಇಡೋಕೆ ಬಗ್ಗಿದ್ದು. ಓಡ್ತಿರೋ ಲೋಡಿನ ಕೆಳಗೆ ಕಾಲಿಡೋಕೆ ನನಗೇನು ಹುಚ್ಚಾ?" ಇದನ್ನು ಯಾರಿಗೆ ಹೇಳಿದೆ ಎಂದು ಕೇಳಿದರೆ, "ಯಾರೂ ಕೇಳೇ ಇಲ್ಲಕ್ಕಾ. ವಿಡಿಯೋ ಇದೆಯಲ್ಲ, ನೀನು ಸುಧಾರಿಸ್ಕೋ ಅಂದ್ರು" ಎಂದ.

ನೋಡಿ, ಕಾಲು ಜಜ್ಜಿಸಿಕೊಂಡವನನ್ನು ಯಾರೂ ಕೇಳಲಿಲ್ಲ. ಕ್ರೇನು ಓಡಿಸಿದವನನ್ನು ಕೇಳಿ ನಂಬಲಿಲ್ಲ. ಕಂಬಕ್ಕೆ ಸಿಕ್ಕಿಸಿದ ಡಬ್ಬಿಯೊಂದು ಹೇಳಿದ್ದನ್ನು ನಂಬಿದರು. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕಂಪ್ಯೂಟರ್ ಹಚ್ಚಿದೆ. ಮತ್ತೆ ಅದೇ ಜಿಗಿತ. ಐದನೇ ಸಲವೋ ಆರನೇ ಸಲವೋ ನೋಡುವಾಗ ಸ್ಪೀಕರಿನ ವೈರು ಸಿಕ್ಕಿಸಿದೆ. ಆ ಕ್ಯಾಮೆರಾಕ್ಕೆ ಕಿವಿಯೂ ಇದೆ ಎಂದು ನಿಮಗೆ ಗೊತ್ತಿತ್ತೇ? ಆಫೀಸಿನಲ್ಲಿ ಸದ್ದಿಲ್ಲದೆ ತೋರಿಸಿದ್ದರು. ಚಿತ್ರ ಕಲ್ಲಿನ ಹಾಗೆ ನಿಂತಿರುವಾಗಲೂ ಸದ್ದು ಮಾತ್ರ ನೀರಿನ ಹಾಗೆ ಹರಿಯುತ್ತಿತ್ತು. ಕ್ರೇನಿನ ಮೋಟಾರು ಗುಂಯ್ ಎನ್ನುತ್ತಿದ್ದದ್ದು ನಿಂತಿತು. ಏಣಿಯ ದನಿ, "ಹಾಂ, ಇರಲಿ, ಇರಲಿ" ಎಂದಿತು. ಆಮೇಲೆ ಟಣ್ ಎಂದು ಏನೋ ಹರಿದ ಸದ್ದು, ಹಿಂದೆಯೇ ಧಡ್. ಅದೂ ಆದ ಮೇಲೆ ಸೀಟಿ ಊದಿದ ಸದ್ದು. ನಾನು ಕಣ್ಣು ಮುಚ್ಚಿ ಹತ್ತು ಸಲ ಕೇಳಿದೆ. ಹತ್ತು ಸಲವೂ ಮೋಟಾರು ಮೊದಲು ನಿಂತಿತು, ಸೀಟಿಯ ಸದ್ದು ಕೊನೆಗೆ ಬಂತು. ನಿಲ್ಲಿಸು ಎಂದು ಕೈ ಎತ್ತುವಾಗಲೇ ಸೀಟಿಯನ್ನೂ ಊದಬೇಕು ಎಂದು ನಿಮ್ಮ ಯಾರ್ಡಿನ ಕಾನೂನು ನೀವೇ ನನಗೆ ಎಷ್ಟು ಸಲ ಹೇಳಿಲ್ಲ.

ಹೋದ ಸೋಮವಾರ ಕಂಪ್ಯೂಟರಿನ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಮೂಲೆಯ ರಿಪೇರಿ ಅಂಗಡಿಯಾಕೆ, ಮಾಸಿದ ಬಿಳಿ ಕೋಟು ಹಾಕಿಕೊಂಡು ಕಂಪ್ಯೂಟರುಗಳ ಹೊಟ್ಟೆ ಬಗೆಯುತ್ತಾಳಲ್ಲ, ಅವಳೇ. ಮೊದಲು ವಿಡಿಯೋವನ್ನು ಪೆನ್‌ಡ್ರೈವಿನಿಂದ ಕಂಪ್ಯೂಟರಿನ ಒಳಗೇ ನಕಲು ಮಾಡಿದಳು, ಕೆಲವು ಸಲ ಪೆನ್‌ಡ್ರೈವ್ ನಿಧಾನವಾಗಿದ್ದರೂ ಹೀಗಾಗುತ್ತದಂತೆ. ಏನೂ ವ್ಯತ್ಯಾಸವಾಗಲಿಲ್ಲ. ಹಚ್ಚಿದ ಕೂಡಲೇ ತಾವೇ ತೆರೆದುಕೊಳ್ಳುವ ನನ್ನ ಕಸೂತಿಯ ಕಿಟಕಿಗಳನ್ನೆಲ್ಲ ಮುಚ್ಚಿದಳು. ಕೂದಲೆಳೆಯಷ್ಟು ವಾಸಿ ಎನಿಸಿತು. ಆಮೇಲೆ ಡಬ್ಬಿಯ ಮುಚ್ಚಳ ಬಿಚ್ಚಿದರೆ, ಒಳಗಿನ ಫ್ಯಾನಿಗೆ ನನ್ನ ಹೊಲಿಗೆಯ ದಾರದ ಚೂರು, ಬಟ್ಟೆಯ ಧೂಳು ಎಲ್ಲ ಸುತ್ತಿಕೊಂಡು ಬೆಕ್ಕಿನ ಮರಿಯಷ್ಟು ದಪ್ಪದ ಉಂಡೆಯಾಗಿತ್ತು. "ಇದಕ್ಕೆ ಉಸಿರಾಡೋಕೆ ಎಲ್ಲಮ್ಮ ಜಾಗ ಬಿಟ್ಟಿದ್ದೀಯ? ಬಿಸಿಯಾದಾಗ ತಾನೇ ನಿಧಾನ ಮಾಡ್ಕೊಳ್ಳುತ್ತೆ" ಎಂದು ಬೈದಳು. ಗಾಳಿ ಹೊಡೆದು ಸ್ವಚ್ಛ ಮಾಡಿದಳು. ಹೋದ ವರ್ಷ ಇದನ್ನು ರಿಪೇರಿ ಮಾಡಿದವನು ಚಿತ್ರ ತೋರಿಸುವ ಭಾಗಕ್ಕೆ ಬೇಕಾದ ಡ್ರೈವರ್ ಎಂಬ ತಂತ್ರಾಂಶ ಹಾಕದೆಯೇ ಕೊಟ್ಟಿದ್ದನಂತೆ, ಅದನ್ನೂ ಹಾಕಿದಳು. ವಿಡಿಯೋ ಪ್ಲೇಯರನ್ನು ಹೊಸದು ಮಾಡಿದಳು. ಇಷ್ಟೆಲ್ಲ ಮಾಡಿದ ಮೇಲೂ ಅದೇ ಜಾಗದಲ್ಲಿ ಅದೇ ಜಿಗಿತ. ನನಗೆ ಆ ಡಬ್ಬಿಯನ್ನು ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂತು.

ಆಗ ಅವಳು ಕೂರಿಸಿ ಹೇಳಿದಳು. ಇಷ್ಟು ಸ್ಪಷ್ಟವಾದ ವಿಡಿಯೋವನ್ನು ಹಾಗೇ ಇಟ್ಟರೆ ಜಾಗ ಸಾಲದೆಂದು ಕ್ಯಾಮೆರಾ ಅದನ್ನು ಹಿಂಡಿ, ಮಡಚಿ, ಗಂಟು ಕಟ್ಟಿ ಇಡುತ್ತದೆ. ನೋಡುವಾಗ ಕಂಪ್ಯೂಟರು ಒಂದೊಂದು ಸೆಕೆಂಡಿಗೆ ಅರವತ್ತು ಚಿತ್ರ ಬಿಚ್ಚಿ ಹರವಬೇಕು. ಹೊಸ ಕಂಪ್ಯೂಟರುಗಳಲ್ಲಿ ಈ ಗಂಟು ಬಿಚ್ಚುವುದಕ್ಕೆಂದೇ ಬೇರೆ ಚಿಪ್ ಇರುತ್ತದೆ. ನಮ್ಮದರಲ್ಲಿ ಈ ಬಗೆಯ ಗಂಟು ಬಿಚ್ಚುವ ಚಿಪ್ ಇಲ್ಲ. "ಇದು ಏದುಸಿರು ಬಿಡ್ತಾ ಬಿಚ್ಚುತ್ತೆ. ಸದ್ದು ಮುಂದೆ ಓಡಿಬಿಡುತ್ತೆ. ಹಿಂದೆ ಬಿದ್ದೆ ಅಂತ ಗಾಬರಿಯಾಗಿ ಮಧ್ಯದ ಚಿತ್ರಗಳನ್ನ ತೋರಿಸದೇ ಎಸೆದು, ಸದ್ದು ಎಲ್ಲಿದೆಯೋ ಅಲ್ಲಿಗೆ ಹಾರುತ್ತೆ. ಫೈಲ್ ಚೆನ್ನಾಗೇ ಇದೆಯಮ್ಮ. ನೀವು ನೋಡಿಲ್ಲ ಅಷ್ಟೆ." ಪ್ಲೇಯರಿನಲ್ಲಿಯೇ ಒಂದು ಪಟ್ಟಿ ತೆಗೆದು ತೋರಿಸಿದಳು. ಒಂದು ನಿಮಿಷದ ವಿಡಿಯೋ, ಮೂರು ಸಾವಿರದ ಆರುನೂರು ಚಿತ್ರ. ನಮ್ಮ ಕಂಪ್ಯೂಟರು ತೋರಿಸದೆ ಬಿಟ್ಟದ್ದು ಎರಡು ಸಾವಿರಕ್ಕೂ ಮೇಲೆ. ಅದನ್ನೇ ಚಿಕ್ಕದು ಮಾಡಿ ಕೊಡಲೇ ಎಂದು ಕೇಳಿ, ತಾನೇ ಬೇಡವೆಂದಳು. ಹಾಗೆ ಮಾಡಿದರೆ ಅದು ಬೇರೆ ಫೈಲಾಗುತ್ತದೆ, ನೀವೇ ಏನೋ ಕೈಚಳಕ ಮಾಡಿದ್ದೀರಿ ಎಂದು ಅವರು ಹೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೇ ಇಡು ಎಂದಳು. ಪೆನ್‌ಡ್ರೈವನ್ನು ತನ್ನ ಹೊಸ ಕಂಪ್ಯೂಟರಿಗೆ ಹಾಕಿದಳು.

ರೀ, ನೀವು ನಿಲ್ಲಿಸಿದ್ದೀರಿ.

ಎಣ್ಣೆ ಹಾಕಿದ ಹಾಗೆ ಓಡಿತು ಆ ವಿಡಿಯೋ. ಕಟ್ಟು ಇಳಿಯುತ್ತಾ ಬರುತ್ತದೆ. ಸೀಟಿ ಇಳಿಸು ಎಂದು ಕೈ ಆಡಿಸುತ್ತಾ, ಆ ಕೈಯನ್ನು ಹಾಗೇ ಜೇಬಿಗೆ ಹಾಕಿ ಫೋನು ತೆಗೆದು ನೋಡುತ್ತಾನೆ. ಏಣಿ ದಿಮ್ಮಿ ಹಿಡಿದು ಬರುತ್ತಾನೆ. ಅವನು ಬರುವುದನ್ನು ಕಂಡವರು ಆ ಇಡೀ ಯಾರ್ಡಿನಲ್ಲಿ ನೀವೊಬ್ಬರೇ, ಅಷ್ಟು ಎತ್ತರದಲ್ಲಿ ಕೂತವರು. ಕಟ್ಟು ಅವನ ಎದೆಮಟ್ಟದಲ್ಲಿ ಮೆತ್ತಗೆ ನಿಲ್ಲುತ್ತದೆ. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ತೂಗಾಡದೆ ನಿಂತಿರುತ್ತದೆ. ಆಮೇಲೆ ಆಚೆ ತುದಿಯ ಸ್ಲಿಂಗು ಹರಿಯುತ್ತದೆ. ಸೀಟಿ ಫೋನಿನಿಂದ ತಲೆ ಎತ್ತಿ, ಆಗ ಕೈ ಎತ್ತುತ್ತಾನೆ. ನಾಲ್ಕು ಸೆಕೆಂಡು. ನಿಮ್ಮ ಆಫೀಸಿನ ಕಂಪ್ಯೂಟರು ನುಂಗಿದ್ದು ಈ ನಾಲ್ಕು ಸೆಕೆಂಡನ್ನು. ಡಾಕ್ಟರಮ್ಮ ಚಿತ್ರವನ್ನು ಒಂದೊಂದಾಗಿ ಮುಂದೆ ತಳ್ಳಿ, ಸ್ಲಿಂಗಿನ ಜಾಗವನ್ನು ದೊಡ್ಡದು ಮಾಡಿದಳು. ಅಷ್ಟು ಸ್ಪಷ್ಟವಾದ ಚಿತ್ರದಲ್ಲಿ ನನಗೆ ಕಂಡದ್ದನ್ನು ಅವಳಿಗೆ ನಾನೇ ಹೇಳಬೇಕಾಯಿತು. ಎಳೆ ಬಿಟ್ಟ ಅಂಚು ಯಾವುದು ಎಂದು ಗುರುತಿಸುವುದು ನನ್ನ ಕಸುಬು. ಹರಿಯುವ ಮೊದಲೇ ಆ ಉಕ್ಕಿನ ಹಗ್ಗದಿಂದ ಎಳೆಗಳು ಮುಳ್ಳಿನಂತೆ ಹೊರಗೆ ನಿಂತಿದ್ದವು. ಕುಣಿಕೆಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಬಳಿದದ್ದನ್ನು ಮುಟ್ಟಬಾರದು, ಅದು ಗುಜರಿಗೆ ಎಂದು ನಿಮ್ಮ ಬಾಯಿಂದಲೇ ಕೇಳಿದ್ದೇನೆ.

ಮೊನ್ನೆ ಶುಕ್ರವಾರ ಡಾಕ್ಟರಮ್ಮನನ್ನು ಕರೆದುಕೊಂಡು ನಿಮ್ಮ ಆಫೀಸಿಗೆ ಹೋದೆ. ಸಾಹೇಬರು, "ವಿಡಿಯೋ ಎಲ್ಲರೂ ನೋಡಿಯಾಗಿದೆಯಮ್ಮ, ನಿಮ್ಮ ಯಜಮಾನರೇ ಸಹಿ ಹಾಕಿದಾರೆ" ಎಂದರು. ಈ ಕಂಪ್ಯೂಟರು ಎಷ್ಟು ವರ್ಷದ್ದು ಎಂದು ಡಾಕ್ಟರಮ್ಮ ಕೇಳಿದಳು. "ಚೆನ್ನಾಗೇ ಇದೆ, ದಿನಾ ಲೆಟರ್ ಟೈಪ್ ಮಾಡ್ತೀವಲ್ಲ" ಎಂದರು. ಮುಟ್ಟಬೇಡಿ, ಆಫೀಸಿನದು ಎಂದರು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಊಟದ ಹೊತ್ತಾದರೂ ಏಳಲಿಲ್ಲ. ಅವರು ಊಟ ಮುಗಿಸಿ ಬಂದಾಗಲೂ ಅಲ್ಲೇ ಇದ್ದೆ. ಕೊನೆಗೆ ಬೇಸತ್ತು, ನಕ್ಷೆ ಬರೆಯುವ ಕೋಣೆಯಲ್ಲಿದ್ದ ಹೊಸ ಕಂಪ್ಯೂಟರಿನಲ್ಲಿ, ಕ್ಯಾಮೆರಾದ ಪೆಟ್ಟಿಗೆಯಿಂದಲೇ ಮೂಲ ವಿಡಿಯೋ ತರಿಸಿ ಹಾಕಿಸಿದರು. ಸೀಟಿಯನ್ನೂ ಸೂಪರ್‌ವೈಸರನ್ನೂ ಕರೆಸಿದರು. ಮೊದಲ ಸಲ ನೋಡಿ ಮುಗಿದಾಗ ಸಾಹೇಬರು "ಇನ್ನೊಂದ್ಸಲ" ಎಂದರು. ಆಮೇಲೆ "ಸದ್ದು ಜಾಸ್ತಿ ಮಾಡಿ" ಎಂದರು. ಮೂರನೇ ಸಲಕ್ಕೆ ಸೀಟಿ ಗೋಡೆಯ ಕಡೆ ತಿರುಗಿ ನಿಂತ. "ಸ್ಟೋರಲ್ಲಿ ಬೇರೆ ಸ್ಲಿಂಗ್ ಇರಲಿಲ್ಲ ಸಾರ್. ಇದೊಂದು ಲೋಡು ಮುಗಿಸು, ಆಮೇಲೆ ಬಿಸಾಕು ಅಂದ್ರು" ಎಂದ. ಯಾರು ಅಂದರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಸೂಪರ್‌ವೈಸರು ತನ್ನ ಷೂಸು ನೋಡಿಕೊಳ್ಳುತ್ತಿದ್ದ.

ಆಗ ಆ ಸಾಹೇಬರು ಒಂದು ಮಾತು ಹೇಳಿದರು ನೋಡಿ. "ಕಂಪ್ಯೂಟರ್ ಪ್ರಾಬ್ಲಮ್ಮು. ಯಾರ ತಪ್ಪೂ ಅಲ್ಲ ಬಿಡಿ." ಅಲ್ಲಿಯವರೆಗೂ ಬಾಯಿ ಕಟ್ಟಿಕೊಂಡಿದ್ದೆ. "ನಮ್ಮವರಿಗೆ ವಯಸ್ಸಾಯ್ತು ಅಂದ್ರಿ. ನಿಮ್ಮ ಕಂಪ್ಯೂಟರಿಗೆ ಎಷ್ಟು ವಯಸ್ಸು ಅಂತ ಯಾರಾದ್ರೂ ಕೇಳಿದ್ರಾ? ಅದರ ಕಣ್ಣು ಯಾರಾದ್ರೂ ಪರೀಕ್ಷೆ ಮಾಡಿಸಿದ್ರಾ?" ಎಂದೆ. ದನಿ ಏರಿತ್ತು, ಹೊರಗಿನ ಮೇಜುಗಳವರೆಲ್ಲ ಬಾಗಿಲಿಗೆ ಬಂದಿದ್ದರು. ನಿಮಗೆ ನಾಚಿಕೆಯಾಗುತ್ತಿತ್ತೇನೋ, ನೀವಿರಲಿಲ್ಲವಲ್ಲ. ಅವರು ಹಣೆ ಒರೆಸಿಕೊಂಡು, ವಿಚಾರಣೆಯನ್ನು ಮತ್ತೆ ತೆರೆದಿರುವುದಾಗಿ ಅಲ್ಲೇ ಬರೆಸಿ, ಮುದ್ರೆ ಒತ್ತಿಸಿ ಕೊಟ್ಟರು. ಈ ಸಲ ಆಸ್ಪತ್ರೆಗೇ ಹೋಗಿ ಏಣಿಯ ಹೇಳಿಕೆ ಪಡೆಯುತ್ತಾರಂತೆ. ನಿಮ್ಮ ಹೇಳಿಕೆಯನ್ನು ನೀವೇ ಬಂದು ಕೊಡಬೇಕು. ನಕಲು ಇದರೊಳಗಿದೆ, ಮಾತ್ರೆಯ ಪಟ್ಟಿಯ ಹಿಂದೆ.

ಇಷ್ಟಾದರೂ ನನ್ನ ಸಿಟ್ಟು ಯಾಕೆ ಇಳಿದಿಲ್ಲ ಎಂದು ನೀವು ಕೇಳಬಹುದು. ಸೀಟಿ ಹೆದರಿ ಸುಳ್ಳು ಹೇಳಿದ, ಸಾಹೇಬರು ಸೋಮಾರಿತನ ಮಾಡಿದರು. ಅವರಿಬ್ಬರೂ ನನಗೆ ಯಾರು? ನೀವು ನನ್ನವರು. ಒಬ್ಬ ಮನುಷ್ಯನ ಜೀವ ಉಳಿಸಿದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಅಕ್ಕನ ಮನೆಯ ನಡುಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೀರಿ. ಅದನ್ನು ನೆನೆದರೆ ನನಗೆ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಮೊನ್ನೆ ಒಬ್ಬರ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಿಟ್ಟಿದ್ದೆ. ಅಂಗಡಿಯ ಒಡತಿ ನಕ್ಕು ಸುಮ್ಮನಾದರು, ನನಗೆ ನಗು ಬರಲಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ. ನಿಮ್ಮನ್ನು ಹದಿನೆಂಟು ದಿನ ನೋಡಿಕೊಂಡದ್ದಕ್ಕೆ ಅವರಿಗೆ ಋಣಿ, ಸುಳ್ಳು ಹೇಳಿದ್ದಕ್ಕೆ ಅಲ್ಲ. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ, ಇಲ್ಲಿ ಮಂಡಿಯ ಒಳ್ಳೆಯ ವೈದ್ಯರಿದ್ದಾರೆ. ಮೈ ಹುಷಾರು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡಿ, ಸೊಂಟಕ್ಕೆ ಆಗದು.

ಇಂತಿ,
ನಿಮ್ಮ ಮನೆಯವಳು

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಆ ಶನಿವಾರ ನಾನು ಏಣಿಯನ್ನು ನೋಡಿಕೊಂಡು ಬರಲು ಹೋಗಿರಲಿಲ್ಲ. ನಿಮ್ಮ ಪರವಾಗಿ ಅವನ ಕ್ಷಮೆ ಕೇಳಲು ಹೋಗಿದ್ದೆ. ವಿಚಾರಣೆ ಮುಗಿಸಿ ಬಂದ ಸಂಜೆ ನೀವು "ನಿನಗೇನನ್ಸುತ್ತೆ?" ಎಂದು ಕೇಳಿದ್ದಿರಿ. ನಾನು ಬಟ್ಟೆ ಮಡಚುತ್ತಿದ್ದೆ, ತಲೆ ಎತ್ತಲಿಲ್ಲ. ನೀವು ಹೋದ ಮೇಲೂ ಒಂಬತ್ತು ದಿನ ನಾನೂ ಆ ವಿಡಿಯೋವನ್ನೇ ನಂಬಿದ್ದೆ. ನೀವು ಬಸ್ಸು ಹತ್ತಿದ್ದು ಸಾಹೇಬರ ಮಾತಿಗಲ್ಲ, ನನ್ನ ಮೌನಕ್ಕೆ ಎಂದು ನನಗೆ ಗೊತ್ತಿದೆ. ಮೇಲೆ ಬರೆದ ಬೈಗುಳದಲ್ಲಿ ಅರ್ಧ ನನ್ನದು, ಓದುವಾಗ ಕಳೆದುಕೊಂಡು ಓದಿ. ವಿಚಾರಣೆ ಇಪ್ಪತ್ತನಾಲ್ಕು, ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಬುಧವಾರ ಸಂಜೆಯ ಬಸ್ಸಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.